ಕಾರಿನ ಕರೆಂಟು ಬೀದಿಗೆ ಹೋಗಬಾರದು

ಎಲ್ಲ ಕೇಳುಗರಿಗೂ ನಮಸ್ಕಾರ.

ಮಳೆಗಾಲದಲ್ಲಿ ಮಲೆನಾಡಿನ ಕಡೆ ಲೈನಿನ ಮೇಲೊಂದು ಮರ ಬಿತ್ತೆಂದರೆ ಕರೆಂಟು ಎರಡು ಮೂರು ದಿನ ಬರದೇ ಇರುವುದುಂಟು. ಮನೆಯ ಯುಪಿಎಸ್ ಮೊದಲ ರಾತ್ರಿಯೇ ಕೂಗಿ ಕೂಗಿ ಸುಮ್ಮನಾಗುತ್ತದೆ. ಅಂಗಳದಲ್ಲಿ ಎಲೆಕ್ಟ್ರಿಕ್ ಕಾರು ನಿಂತಿರುವ ಮನೆಯವರಿಗಾಗಿ ಇವತ್ತಿನ ಮಾತು.

ಮೊದಲು ಒಂದು ಲೆಕ್ಕ. ಯುಪಿಎಸ್‌ಗೆ ಹಾಕುವ 12 ವೋಲ್ಟ್, 150 ಎಎಚ್ ಬ್ಯಾಟರಿ ಪೂರ್ತಿ ತುಂಬಿದರೆ 1.8 ಯೂನಿಟ್. 2023ರ ನೆಕ್ಸಾನ್ ಇವಿ ಲಾಂಗ್ ರೇಂಜ್ ಕಾರಿನಲ್ಲಿ 40.5 ಯೂನಿಟ್. ಅಂದರೆ ಅಂಥ 22 ಬ್ಯಾಟರಿಗಳು ನಿಮ್ಮ ಅಂಗಳದಲ್ಲಿ ನಿಂತಿವೆ. ಆ ಕರೆಂಟನ್ನು ಹೊರಗೆ ಕೊಡುವ ಸೌಲಭ್ಯಕ್ಕೆ ವಿ ಟು ಎಲ್ ಎನ್ನುತ್ತಾರೆ. ಚಾರ್ಜಿಂಗ್ ಗನ್ ಚುಚ್ಚುವ ಜಾಗಕ್ಕೇ ಒಂದು ಅಡಾಪ್ಟರ್ ಚುಚ್ಚಿದರೆ ಅದರ ಸಾಕೆಟ್ಟಿನಲ್ಲಿ ಮನೆಯಲ್ಲಿರುವಂಥದೇ 230 ವೋಲ್ಟ್ ಬರುತ್ತದೆ. ಒಂದೇ ಸಲಕ್ಕೆ ಎಳೆಯಬಹುದಾದ ಹೊರೆ ನೆಕ್ಸಾನ್‌ನಲ್ಲಿ 3.3 ಕೆವಿಎ, ಹ್ಯುಂಡೈ ಅಯಾನಿಕ್ 5ರಲ್ಲಿ 3.6 ಕಿಲೋವ್ಯಾಟ್.

ಇಷ್ಟು ಕೇಳಿದ ಕೂಡಲೇ ಕೆಲವರ ತಲೆಗೆ ಬರುವ ಉಪಾಯ ಒಂದಿದೆ. ಎರಡೂ ತುದಿಗೆ ಪಿನ್ ಇರುವ ವೈರ್ ಮಾಡಿಸಿ, ಒಂದು ತುದಿ ಕಾರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ. ಇಡೀ ಮನೆ ಬೆಳಗುತ್ತದೆ ಎಂಬ ಆಸೆ. ದಯವಿಟ್ಟು ಮಾಡಬೇಡಿ. ಗೋಡೆಯ ಸಾಕೆಟ್ಟಿಗೆ ಹೋದ ಕರೆಂಟು ಮನೆಯಲ್ಲೇ ನಿಲ್ಲುವುದಿಲ್ಲ. ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಕಂಬದಿಂದ ಟಿ.ಸಿ.ಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ಗೆ ಹೋದರೆ, 11,000 ವೋಲ್ಟನ್ನು ಇಳಿಸಿ ಮನೆಗೆ ಕೊಡುವ ಅದೇ ಟಿ.ಸಿ. ನಿಮ್ಮ 230 ವೋಲ್ಟನ್ನು ಏರಿಸಿ ಆಚೆ ಕಡೆಗೆ ಕೊಡುತ್ತದೆ. ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ ಎಂಬ ಅನುಮತಿ ತೆಗೆದುಕೊಂಡು, ಕರೆಂಟಿಲ್ಲ ಎಂದು ನಂಬಿ, ಮಳೆಯಲ್ಲಿ ನೆನೆಯುತ್ತ ಕಂಬ ಹತ್ತಿದ ಲೈನ್‌ಮನ್ ಕೈ ಆ ತಂತಿಯ ಮೇಲಿರುತ್ತದೆ. ಮೊದಲು ಮನೆಯನ್ನು ಬೀದಿಯ ಲೈನಿನಿಂದ ಬಿಡಿಸಿ, ಆಮೇಲೆ ಕಾರಿಗೆ ಜೋಡಿಸಿ. ಈ ಒಂದು ಮಾತು ಹೇಳುವುದಕ್ಕೇ ನಾನು ಬಂದಿದ್ದೇನೆ.

ಜಪಾನಿನವರು ಇದನ್ನು ಹೇಗೆ ಕಲಿತರು ಎಂಬುದನ್ನು ಹೇಳಲೇಬೇಕು. 2011ರ ಮಾರ್ಚ್ 11ರಂದು ಅಲ್ಲಿನ ತೊಹೊಕು ಪ್ರದೇಶದಲ್ಲಿ ಭೂಕಂಪ, ಹಿಂದೆಯೇ ಸುನಾಮಿ. ಸೆಂಡಾಯ್‌ನ ತೈಲ ಸಂಸ್ಕರಣಾಗಾರಕ್ಕೆ ಬೆಂಕಿ ಬಿತ್ತು, ಬಂಕ್‌ಗಳಲ್ಲಿ ಪೆಟ್ರೋಲ್ ಇಲ್ಲ. ಎಷ್ಟೋ ಕಡೆ ಪೆಟ್ರೋಲಿಗಿಂತ ಮೊದಲು ಕರೆಂಟು ಬಂತು. ಹಾಗಾಗಿ ನಿಸಾನ್, ಮಿತ್ಸುಬಿಷಿ ಕಂಪನಿಗಳು ತಮ್ಮ ಎಲೆಕ್ಟ್ರಿಕ್ ಕಾರುಗಳನ್ನು ಪರಿಹಾರ ಕೆಲಸಕ್ಕೆ ಕಳಿಸಿದವು. ಕಾರುಗಳು ಓಡಿದವು, ಸಾಮಾನು ಸಾಗಿಸಿದವು. ಆದರೆ ಕರೆಂಟು ಇನ್ನೂ ಬಾರದ ಊರಿಗೆ ಹೋದಾಗ ಸಂಕಟ ಗೊತ್ತಾಯಿತು. ಮಿತ್ಸುಬಿಷಿಯ ಐ-ಮೀವ್ ಕಾರಿನಲ್ಲಿ 16 ಯೂನಿಟ್ ತುಂಬಿಕೊಂಡಿದೆ, ಅದರ ಪಕ್ಕದಲ್ಲೇ ಜನ ಚಳಿಯಲ್ಲಿ, ಕತ್ತಲಲ್ಲಿ ಕೂತಿದ್ದಾರೆ. ಅನ್ನದ ಕುಕ್ಕರ್ ಹಚ್ಚಲು ಕಾರಿನಲ್ಲಿ ಒಂದು ಸಾಕೆಟ್ ಇಲ್ಲ! ಮರುವರ್ಷವೇ ಮಿತ್ಸುಬಿಷಿ 1500 ವ್ಯಾಟ್ ಕೊಡುವ ಒಂದು ಪೆಟ್ಟಿಗೆ ಹೊರತಂದಿತು. ಅದೇ 2012ರಲ್ಲಿ ನಿಸಾನ್, ನಿಚಿಕಾನ್ ಎಂಬ ಕಂಪನಿಯೊಂದಿಗೆ ಸೇರಿ ಲೀಫ್ ಟು ಹೋಮ್ ಎಂಬ ವ್ಯವಸ್ಥೆ ತಂದಿತು. 24 ಯೂನಿಟ್ಟಿನ ಲೀಫ್ ಕಾರು, 6 ಕಿಲೋವ್ಯಾಟ್ ಕೊಡುವ ಯಂತ್ರ, ಮನೆಯ ಹಂಚಿಕೆ ಬೋರ್ಡಿಗೇ ನೇರ ಸಂಪರ್ಕ. ಅಲ್ಲಿನ ಸಾಧಾರಣ ಮನೆಗೆ ಎರಡು ದಿನಕ್ಕೆ ಸಾಕು. 2019ರ ಸೆಪ್ಟೆಂಬರಿನಲ್ಲಿ ಚೀಬಾ ಪ್ರಾಂತ್ಯಕ್ಕೆ ಚಂಡಮಾರುತ ಬಡಿದು ಕೆಲವೆಡೆ ಎರಡು ವಾರ ಕರೆಂಟಿಲ್ಲದಾಗ ಇಂಥ ಕಾರುಗಳೇ ಫ್ಯಾನು, ಫ್ರಿಜ್ಜು, ಫೋನುಗಳಿಗೆ ಆಸರೆಯಾದವು. ಮನೆಗೆ ಜೋಡಿಸುವ ಇಂಥ ಯಾವ ವ್ಯವಸ್ಥೆಯೇ ಆಗಲಿ, ಕರೆಂಟು ಹೋದಾಗ ಮಾಡಬೇಕಾದ ಮೊದಲ ಕೆಲಸ ಮನೆಯನ್ನು ಬೀದಿಯ ಲೈನಿನಿಂದ ಕತ್ತರಿಸುವುದು. ಕಾರಿನ ಕರೆಂಟು ಕೊಡುವುದು ಆಮೇಲೆ.

ನಮ್ಮಲ್ಲಿ ಅಷ್ಟು ದೊಡ್ಡ ಯಂತ್ರ ಬೇಕಿಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಫ್ರಿಜ್ಜು, ಫ್ಯಾನು, ದೀಪಗಳನ್ನು ನೇರ ಅದಕ್ಕೇ ಚುಚ್ಚಿದರೆ ಗೋಡೆಯ ವೈರಿಂಗಿನ ಸಂಬಂಧವೇ ಇಲ್ಲ. ಇನ್ನೊಂದು ಸುಲಭದ ದಾರಿ ಯುಪಿಎಸ್. ಅದರ ಪ್ಲಗ್ಗನ್ನು ಗೋಡೆಯಿಂದ ತೆಗೆದು ಕಾರಿನ ಬೋರ್ಡಿಗೆ ಹಾಕಿದರೆ, ಕರೆಂಟು ಬಂದಿದೆ ಎಂದು ತಿಳಿದು ಅದು ದೀಪ, ಫ್ಯಾನು ನಡೆಸುತ್ತ ತನ್ನ ಬ್ಯಾಟರಿಯನ್ನೂ ತುಂಬಿಸಿಕೊಳ್ಳುತ್ತದೆ. ಆದರೆ ಬಹಳ ಮನೆಗಳಲ್ಲಿ ಇದು ಕೆಲಸ ಮಾಡುವುದಿಲ್ಲ. ಕಾರಣ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ಸು ಹೋಗುವ ತಂತಿ. ವೈರಿಂಗ್ ಮಾಡಿದವರು ಯುಪಿಎಸ್‌ನಿಂದ ಕರೆಂಟು ತರುವ ಫೇಸ್ ತಂತಿ ಮಾತ್ರ ಎಳೆದು, ನ್ಯೂಟ್ರಲ್ಲನ್ನು ಮನೆಯದಕ್ಕೇ ಬಿಟ್ಟಿರುತ್ತಾರೆ. ಪರೀಕ್ಷೆ ಹೀಗೆ: ಬಿಸಿಲಿರುವ ದಿನ, ಕರೆಂಟಿರುವಾಗಲೇ, ಯುಪಿಎಸ್ ಪ್ಲಗ್ ಕಿತ್ತು ನೋಡಿ, ಪಿನ್ನುಗಳನ್ನು ಮುಟ್ಟಬೇಡಿ. ಯುಪಿಎಸ್ ದೀಪಗಳು ಉರಿಯುತ್ತಿದ್ದರೆ ನ್ಯೂಟ್ರಲ್ ಬೇರೆಯಾಗಿದೆ, ಕಾರಿನಿಂದ ನಡೆಯುತ್ತದೆ. ಆರಿಹೋದರೆ ನ್ಯೂಟ್ರಲ್ ಒಂದೇ. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ನ್ಯೂಟ್ರಲ್ ಎಳೆಸಿ.

ಮನೆಯ ಬೋರ್ಡಿಗೇ ಕೊಡಬೇಕೆಂದರೆ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು. ಒಂದು ಕಡೆ ಬೀದಿ, ಮಧ್ಯೆ ಸೊನ್ನೆ, ಇನ್ನೊಂದು ಕಡೆ ಕಾರು. ಎರಡೂ ಒಟ್ಟಿಗೆ ಸೇರುವುದು ಸಾಧ್ಯವೇ ಇಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಬದಲಿಸುವ ಡಬಲ್ ಪೋಲ್ ಸ್ವಿಚ್ಚೇ ಆಗಬೇಕು. ಅರ್ತಿಂಗ್ ಮನೆಯದೇ ಇರಲಿ. "ನಾನು ಮೇನ್ ಸ್ವಿಚ್ ಆಫ್ ಮಾಡಿರ್ತೀನಿ ಸ್ವಾಮಿ, ಅದೆಲ್ಲ ಯಾಕೆ?" ಎನ್ನುವವರಿದ್ದಾರೆ. ಯಾಕೆಂದರೆ ರಾತ್ರಿ ಎರಡು ಗಂಟೆಗೆ ಬೀದಿದೀಪ ಕಂಡು, ನಿಮ್ಮನೆಯವರೇ ಯಾರೋ ಎದ್ದು ಮೇನ್ ಸ್ವಿಚ್ ಆನ್ ಮಾಡುತ್ತಾರೆ. ಎರಡು ಕಡೆಯ ಕರೆಂಟು ಡಿಕ್ಕಿಯಾಗಿ ಕಾರಿನ ಇನ್ವರ್ಟರ್ ಸುಡುತ್ತದೆ. ಸ್ವಿಚ್ಚಿಗೆ ಮರೆವಿಲ್ಲ, ಮನುಷ್ಯರಿಗಿದೆ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ನಾಲ್ಕು ಹಳೆಯ ಫ್ಯಾನು ಹತ್ತು ತಾಸು ತಿರುಗಿದರೆ 3 ಯೂನಿಟ್. ಫ್ರಿಜ್ಜಿಗೆ ದಿನಕ್ಕೆ ಒಂದೂವರೆ. ದೀಪ, ಟಿವಿ, ವೈಫೈ ಎಲ್ಲ ಸೇರಿ ಮುಕ್ಕಾಲು. ಅಡಾಪ್ಟರ್ ಹಾಕಿರುವಷ್ಟು ಹೊತ್ತು ಕಾರು ತಾನೂ ಎಚ್ಚರವಿದ್ದು ಸ್ವಲ್ಪ ತಿನ್ನುತ್ತದೆ. ಬ್ಯಾಟರಿ ನೂರಕ್ಕೆ 30ಕ್ಕೆ ಇಳಿದಾಗ ಕರೆಂಟು ಕೊಡುವುದು ನಿಲ್ಲುವಂತೆ ಕಾರಿನ ಪರದೆಯಲ್ಲಿ ಮಿತಿ ಇಡಿ, ಆಸ್ಪತ್ರೆಗೆ ಓಡಲು ಅಷ್ಟು ಉಳಿಯಬೇಕು. ಹೀಗಾದರೆ ಮೂರು ದಿನ ನಡೆಯುತ್ತದೆ. ಗೀಸರ್, ಇಂಡಕ್ಷನ್ ಒಲೆ ಬೇಡ. ಒಂದು ಎಚ್‌ಪಿ ಪಂಪು ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆದು ಅಡಾಪ್ಟರನ್ನೇ ಟ್ರಿಪ್ ಮಾಡುತ್ತದೆ. ಫ್ರಿಜ್ಜಿನ ಮೋಟಾರೂ ಶುರುವಾಗುವಾಗ ಹೆಚ್ಚು ಎಳೆಯುತ್ತದೆ, ಅದಕ್ಕೇ ಫ್ರಿಜ್ಜನ್ನು ಮೊದಲು ಹಚ್ಚಿ, ಸಣ್ಣವು ಆಮೇಲೆ.

ವೈರು 2.5 ಚದರ ಮಿಲಿಮೀಟರಿನ ಮೂರು ಕೋರ್ ತಾಮ್ರದ್ದೇ ಆಗಲಿ, ಸುರುಳಿ ಪೂರ್ತಿ ಬಿಚ್ಚಿ, ಸುತ್ತಿದ್ದು ಬಿಸಿಯಾಗಿ ಕರಗುತ್ತದೆ. ಬೋರ್ಡು ನೆಲದಲ್ಲಿ ಬೇಡ, ಕುರ್ಚಿಯ ಮೇಲೆ ಇಡಿ, ಮಳೆಹನಿ ಬೀಳದ ಕಡೆ. ವಿ ಟು ಎಲ್ ಇಲ್ಲದ ಕಾರಾದರೆ ದೊಡ್ಡ ಬ್ಯಾಟರಿಗೆ ಯಾರೂ ಕೈ ಹಾಕಬೇಡಿ. ಹೆಚ್ಚಿನ ಕಾರುಗಳಲ್ಲಿ ಅದರಲ್ಲಿ 300 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ.

ಕರೆಂಟು ಬಂದ ಮೇಲೆ ಮೊದಲು ಮನೆಯ ಸಾಮಾನುಗಳನ್ನು ಒಂದೊಂದಾಗಿ ಆಫ್ ಮಾಡಿ, ಬಳಿಕ ಅಡಾಪ್ಟರ್ ಆಫ್ ಮಾಡಿ ತೆಗೆಯಿರಿ. ಚೇಂಜ್‌ಓವರನ್ನು ಸೊನ್ನೆಗೆ ತಂದು ಒಂದು ಕ್ಷಣ ನಿಂತು, ಆಮೇಲೆ ಬೀದಿಯ ಕಡೆಗೆ ತಿರುಗಿಸಿ. ನಮಸ್ಕಾರ.