ಉಡುಪಿಯ ಮಳೆ ರಾಯಚೂರಿನಲ್ಲಿ

ಕೇಳುಗರಿಗೆ ನಮಸ್ಕಾರ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಈಗಷ್ಟೇ ಕುಳಿತು, ಪಟ್ಟಿಯೊಳಗೆ ಪಟ್ಟಿ ಎಂಬ ಪಾಠದ ಹತ್ತಿರ ತಲೆ ಕೆರೆದುಕೊಳ್ಳುತ್ತಿರುವ ವಿದ್ಯಾರ್ಥಿಗಳೇ, ಈ ಹೊತ್ತು ನಿಮ್ಮದು. ಪೆನ್ನು, ಕಾಗದ ಹತ್ತಿರವಿರಲಿ.

ಎರಡು ಆಯಾಮದ ಅರೇ ಎಂದರೆ ಕೋಷ್ಟಕ, ಅಷ್ಟೇ. ಪೈಥಾನಿನಲ್ಲಿ ಅದನ್ನು ಪಟ್ಟಿಯೊಳಗೆ ಪಟ್ಟಿಯಾಗಿ ಬರೆಯುತ್ತೇವೆ, ಒಳಗಿನ ಒಂದೊಂದು ಪಟ್ಟಿಯೂ ಒಂದು ಸಾಲು. ಕರ್ನಾಟಕದ 31 ಜಿಲ್ಲೆಗಳ 12 ತಿಂಗಳ ಮಳೆ ಲೆಕ್ಕ ಬರೆಯಬೇಕು ಎನ್ನಿ. ಜಿಲ್ಲೆಗೊಂದು ಅಡ್ಡಸಾಲು, ತಿಂಗಳಿಗೊಂದು ಕಂಬಸಾಲು, ಒಟ್ಟು 372 ಮನೆಗಳು. ಯಾವ ಮನೆಗೆ ಹೋಗಬೇಕಾದರೂ ಮೊದಲು ಅಡ್ಡಸಾಲಿನ ಸಂಖ್ಯೆ, ಆಮೇಲೆ ಕಂಬಸಾಲಿನ ಸಂಖ್ಯೆ. ಎಣಿಕೆ ಸೊನ್ನೆಯಿಂದ. ಜೂನ್ ಆರನೆಯ ತಿಂಗಳಾದರೂ ಅದರ ಸಂಖ್ಯೆ 5.

ಇಷ್ಟು ಎಲ್ಲ ಪಠ್ಯದಲ್ಲೂ ಸಿಗುತ್ತದೆ. ನಾನು ಹೇಳಲು ಬಂದದ್ದು ಒಂದೇ ಮಾತು: ಸಾಲನ್ನು ಗುಣಿಸಬೇಡಿ.

ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು ಇದೇ ಕೋಷ್ಟಕ ಮಾಡಿದಳು. ಹನ್ನೆರಡು ಸೊನ್ನೆಗಳ ಒಂದು ಸಾಲು ಬರೆದಳು. ಅದನ್ನು ಇನ್ನೊಂದು ಚೌಕ ಆವರಣದೊಳಗಿಟ್ಟು, ಪಕ್ಕದಲ್ಲಿ ಗುಣಾಕಾರದ ನಕ್ಷತ್ರ ಚಿಹ್ನೆ ಹಾಕಿ, 31 ಎಂದು ಬರೆದಳು. ಪರದೆಯ ಮೇಲೆ ಅಚ್ಚುಕಟ್ಟಾದ 31 ಸಾಲುಗಳು! ಉಡುಪಿಯ ಜುಲೈಗೆ ಒಂದು ಅಂಕಿ ತುಂಬಿ ನೋಡಿದರೆ, ರಾಯಚೂರಿಗೂ ಅಷ್ಟೇ ಮಳೆ. ಬಳ್ಳಾರಿಗೂ, ಬೀದರಿಗೂ. ಗಾಬರಿಯಾಗಿ ರಾಯಚೂರನ್ನು ತಿದ್ದಿದಳು, ಉಡುಪಿ ಒಣಗಿತು. ಎರಡು ಸಂಜೆ ಹೀಗೇ ಹೋಯಿತು. ಅಂಕಿಗಳ ಕಡತವೇ ಕೆಟ್ಟಿದೆ ಎಂದುಕೊಂಡು ಎಲ್ಲವನ್ನೂ ಮತ್ತೆ ಕೈಯಾರೆ ತುಂಬಿದಳು. ಪೈಥಾನನ್ನೇ ತೆಗೆದು ಮತ್ತೆ ಹಾಕಿದಳು. ಕೊನೆಗೆ, "ಸರ್, ನನ್ನ ಕಂಪ್ಯೂಟರಿಗೆ ಭೂಗೋಳ ಬರುವುದಿಲ್ಲ" ಎಂದು ಬಂದು ನಿಂತಳು. ನಗಬೇಡಿ. ನಾನೂ ಮೊದಲ ಹತ್ತು ನಿಮಿಷ ಅಂಕಿ ತುಂಬುವ ಭಾಗವನ್ನೇ ದಿಟ್ಟಿಸುತ್ತಿದ್ದೆ. ತಪ್ಪಿದ್ದದ್ದು ಪ್ರೋಗ್ರಾಮಿನ ಮೊದಲನೆಯ ಸಾಲಿನಲ್ಲಿ, ಆ ನಕ್ಷತ್ರದಲ್ಲಿ.

ಆದದ್ದಿಷ್ಟು. ಪೈಥಾನಿನ ಹೊರಗಿನ ಪಟ್ಟಿಯಲ್ಲಿ ಇರುವುದು ಒಳಸಾಲುಗಳಲ್ಲ, ಅವುಗಳ ವಿಳಾಸ. ಗುಣಿಸಿದರೆ ಹೊಸ ಸಾಲು ಹುಟ್ಟುವುದಿಲ್ಲ. ಅದೇ ವಿಳಾಸ 31 ಬಾರಿ ನಕಲಾಗುತ್ತದೆ. ಒಂದೇ ಮನೆಗೆ 31 ಜಿಲ್ಲೆಗಳ ನಾಮಫಲಕ! ಯಾರ ಹೆಸರು ಹೇಳಿಕೊಂಡು ಒಳಗೆ ಹೋದರೂ ಅದೇ ನಡುಮನೆ.

ಹಾಗಾದರೆ ಒಳಗಿನ ಸೊನ್ನೆಯನ್ನು 12ರಿಂದ ಗುಣಿಸಬಹುದೇ? ಧಾರಾಳವಾಗಿ. ಸಂಖ್ಯೆಯನ್ನು ಇದ್ದಲ್ಲೇ ತಿದ್ದಲು ಬರುವುದಿಲ್ಲ, ಅದರ ಜಾಗದಲ್ಲಿ ಬೇರೆಯದನ್ನು ಇಡುತ್ತೇವೆ. ಸಾಲಿಗೆ ಮಾತ್ರ ಗುಣಾಕಾರ ಬೇಡ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಫಾರ್ ಆದೇಶ ಬಳಸಿ 31 ಸುತ್ತು ತಿರುಗಿಸಿ, ಪ್ರತಿ ಸುತ್ತಿನಲ್ಲೂ ಹೊಸ ಸಾಲು ಕಟ್ಟಿ. "ಗುಣಿಸಿದರೆ ಚಿಕ್ಕದಾಗಿ ಮುಗಿಯುತ್ತದಲ್ಲ ಸರ್" ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ. ಮುಗಿಯುತ್ತದೆ, ಎರಡು ಸಂಜೆಗಳ ನಂತರ.

ಪೈಥಾನಿನಲ್ಲಿ ಅಂಕಿಗಳ ಕೋಷ್ಟಕಗಳಿಗೆಂದೇ ಇರುವ ನಂಪೈ ಎಂಬ ಲೈಬ್ರರಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ. ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಅಲ್ಲಿ ಝೀರೋಸ್ ಎಂದು ಕರೆದರೆ 372 ಸೊನ್ನೆಗಳೂ ಮೆಮೊರಿಯಲ್ಲಿ ಒಂದರ ಪಕ್ಕ ಒಂದು ಕೂರುತ್ತವೆ, ವಿಳಾಸದ ಈ ಗೋಜಿಲ್ಲ. 31 ಮತ್ತು 12ನ್ನು ಒಳಗೆ ಇನ್ನೊಂದು ಆವರಣ ಹಾಕಿ ಜೋಡಿಯಾಗಿ ಕೊಡಿ. ಮೂರನೆಯ ಆಯಾಮವಾಗಿ ವರ್ಷವನ್ನು ಸೇರಿಸುವುದು ಇನ್ನೊಮ್ಮೆ.

ಇವತ್ತೇ ಒಂದು ಕೆಲಸ ಮಾಡಿ. ನಿಮ್ಮ ರೀತಿಯಲ್ಲಿ ಮೂರಕ್ಕೆ ಮೂರರ ಕೋಷ್ಟಕ ಕಟ್ಟಿ, ಮೂಲೆಯ ಒಂದು ಮನೆಗೆ 7 ಹಾಕಿ, ಪೂರ್ತಿ ಮುದ್ರಿಸಿ ನೋಡಿ. ಮೂರು ಏಳು ಕಂಡರೆ ನೀವು ಸಾಲನ್ನು ಗುಣಿಸಿದ್ದೀರಿ.

ನಮಸ್ಕಾರ.