ತಿರುವಿನಲ್ಲೂ ಸ್ಟೇರಿಂಗ್ ನೇರ ಹಿಡಿಯುವ ಮಹಾನುಭಾವರಿಗೆ

ನಮಸ್ಕಾರ, ಬನ್ನಿ. ಇವತ್ತು ಬೇರೆ ವಿಷಯಕ್ಕೆ ಸ್ಕ್ರಿಪ್ಟ್ ಬರೆದಿದ್ದೆ. ಬೆಳಿಗ್ಗೆ ಲೋಟ ಹಿಡಿದುಕೊಂಡು ಕಾಮೆಂಟ್ ಓದಲು ಕೂತೆ, ಕಾಫಿ ಆರಿಹೋಯಿತು, ಸ್ಕ್ರಿಪ್ಟೂ ಹೋಯಿತು. ಒಬ್ಬರು ಬರೆದಿದ್ದಾರೆ: "ಗುರುವೇ, ಜನಸಂಖ್ಯೆಗೆ ಯಾಕಿಷ್ಟು ತಲೆ ಕೆಡಿಸ್ಕೊಳ್ತೀರಾ? 1901ರಿಂದ 2011ರ ತನಕದ ಸೆನ್ಸಸ್ ಲೆಕ್ಕ ಎಕ್ಸೆಲ್‌ಗೆ ಹಾಕಿ ಎಕ್ಸ್‌ಪೊನೆನ್ಷಿಯಲ್ ಟ್ರೆಂಡ್‌ಲೈನ್ ಎಳೆದೆ, ಅಂದ್ರೆ ಪ್ರತಿ ವರ್ಷ ಒಂದೇ ಶೇಕಡಾ ಏರೋ ಗೆರೆ. ಆರ್ ಸ್ಕ್ವೇರ್ 0.96! 2051ಕ್ಕೆ 206 ಕೋಟಿ. ಮುಗೀತು."

ಮುಗೀತಂತೆ! (ಆರ್ ಸ್ಕ್ವೇರ್ ಅಂದರೆ ಎಳೆದ ಗೆರೆ ಲೆಕ್ಕಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅನ್ನುವ ಅಂಕ, 1 ಬಂದರೆ ಪೂರ್ತಿ ಹೊಂದಿದ ಹಾಗೆ.) ಸ್ವಾಮಿ, ದೇಶದ ಜನಸಂಖ್ಯೆ ಒಂದೇ ಗೆರೆಯ ಮೇಲೆ ನಡೆಯಲ್ಲ. ನಡುವೆ ತಿರುವುಗಳಿವೆ. 1911ರಲ್ಲಿ ನಾವು 25.21 ಕೋಟಿ, 1921ರಲ್ಲಿ 25.13 ಕೋಟಿ. ಕಡಿಮೆಯಾಗಿದ್ದೇವೆ! 1918ರ ಇನ್‌ಫ್ಲುಯೆಂಜಾ ಹಳ್ಳಿ ಹಳ್ಳಿಗೇ ನುಗ್ಗಿತ್ತು. ಅದಕ್ಕೂ ಮೊದಲು ಪ್ಲೇಗ್. ಬೆಂಗಳೂರಿಗೆ ಬಂದದ್ದು 1898ರಲ್ಲಿ, ಪ್ಲೇಗ್ ಮಾರಮ್ಮನ ಗುಡಿಗಳು ಇವತ್ತಿಗೂ ಇವೆ, ಹೋಗಿ ಕೈ ಮುಗಿದು ಬನ್ನಿ. 1921 ಆದ ಮೇಲೆ ಸಾವು ಇಳಿಯುತ್ತಾ ಬಂತು, ಹುಟ್ಟು ಅಷ್ಟಾಗಿ ಇಳಿಯಲಿಲ್ಲ. ಅದೇ ತಿರುವು. 1921ರಲ್ಲಿ ನಿಂತು ಹಿಂದಿನ 20 ವರ್ಷದ ಗೆರೆ ಮುಂದಕ್ಕೆ ಎಳೆದಿದ್ದರೆ 1951ಕ್ಕೆ ಸುಮಾರು 27 ಕೋಟಿ ಬರುತ್ತಿತ್ತು. ನಿಜವಾಗಿ ಎಷ್ಟು? 36 ಕೋಟಿ.

ಸರಿ, ಅದು ಹಳೇ ಕಾಲ ಅಂತೀರಾ? 1961ರಿಂದ 71ರ ಹತ್ತು ವರ್ಷದಲ್ಲಿ ಶೇ. 24.8 ಏರಿಕೆ. ಅದೇ ವೇಗ ಹಿಡಿದುಕೊಂಡು ಹೋದರೆ 2011ಕ್ಕೆ 133 ಕೋಟಿ. ಎಣಿಸಿದಾಗ ಸಿಕ್ಕಿದ್ದು 121. ಎರಡು ಕರ್ನಾಟಕದಷ್ಟು ಜನ ಸುಮ್ನೆ ಕಾಗದದ ಮೇಲೆ ಹುಟ್ಟಿಬಿಟ್ಟರು! ತಿರುವು ಇದೆ ಅಂತ ಹೇಳಿದೆನಲ್ಲ?

ಇನ್ನೊಂದು ಮಜಾ ಕೇಳಿ. ನಮ್ಮ ಮಹಾನುಭಾವರ ಗೆರೆಯನ್ನೇ ನಾನೂ ಎಳೆದು ನೋಡಿದೆ. ಅದು 2011ಕ್ಕೆ ಹೇಳುವುದು ಸುಮಾರು 109 ಕೋಟಿ. ಆಗಿ ಹೋದ ವರ್ಷಕ್ಕೇ 12 ಕೋಟಿ ತಪ್ಪು, ಹೆಮ್ಮೆ ಮಾತ್ರ 0.96! ಏರುತ್ತಾ ಹೋಗುವ ಯಾವುದಕ್ಕೆ ಗೆರೆ ಎಳೆದರೂ ಆರ್ ಸ್ಕ್ವೇರ್ ಚೆನ್ನಾಗೇ ಬರುತ್ತದೆ. 2ರಿಂದ 14 ವರ್ಷದವರೆಗಿನ ನನ್ನ ಮಗನ ಎತ್ತರಕ್ಕೂ ಬರುತ್ತದೆ. ಆ ಗೆರೆ ನಂಬಿದರೆ ಮದುವೆ ಹೊತ್ತಿಗೆ ಅವನಿಗೆ ಛತ್ರದ ಬಾಗಿಲು ಸಾಲಲ್ಲ. (ಈ ಲೆಕ್ಕದ ಶೀಟ್ ಡಿಸ್ಕ್ರಿಪ್ಷನ್‌ನಲ್ಲಿದೆ. ಸಬ್‌ಸ್ಕ್ರೈಬ್ ಆಗದೆ ತೆಗೆದುಕೊಂಡು ಹೋಗುವವರ ಪೆನ್ ಡ್ರೈವ್ ಕರಪ್ಟ್ ಆಗಲಿ.)

ತಿರುವು ಹುಡುಕಲು ದಾರಿ ಇಲ್ಲವಾ? ಇದೆ. 1960ರ ಚೌ ಟೆಸ್ಟ್ ಇದೆ, ಒಂದು ವರ್ಷದ ಹಿಂದಿನ ಗೆರೆ, ಮುಂದಿನ ಗೆರೆ ಬೇರೆ ಬೇರೆಯಾ ಅಂತ ನೋಡುವ ಪರೀಕ್ಷೆ, ಆದರೆ ತಿರುವು ಯಾವ ವರ್ಷ ಅಂತ ಮೊದಲೇ ನೀವೇ ಹೇಳಬೇಕು. ಗ್ರಾಫ್ ನೋಡಿ 1921 ಅಂತ ಆರಿಸಿ, ಆಮೇಲೆ ಅದನ್ನೇ ಟೆಸ್ಟ್ ಮಾಡಿದರೆ ಅದು ಪ್ರಶ್ನೆಪತ್ರಿಕೆ ನೋಡಿ ಪರೀಕ್ಷೆ ಬರೆದ ಹಾಗೆ. ಬಾಯ್-ಪೆರಾನ್ ವಿಧಾನ ಹಾಗಲ್ಲ. ವರ್ಷಗಳ ಸಾಲನ್ನು ಎಲ್ಲೆಲ್ಲಿ ಕತ್ತರಿಸಿದರೆ ಒಟ್ಟು ತಪ್ಪು ಕಡಿಮೆ ಅಂತ ಎಲ್ಲ ಜಾಗದಲ್ಲೂ ಕತ್ತರಿಸಿ ನೋಡುತ್ತದೆ. "ಸರ್, 12 ಸೆನ್ಸಸ್ ಇಟ್ಟುಕೊಂಡು ಅದೆಲ್ಲ ಆಗಲ್ಲ" ಅಂತ ಪಂಡಿತರು ಬರುತ್ತಾರೆ, ಗೊತ್ತು. ಅದೇ 12 ಚುಕ್ಕೆ ಇಟ್ಟುಕೊಂಡು 40 ವರ್ಷ ಮುಂದಿನ ಭವಿಷ್ಯ ಹೇಳುವಾಗ ಸಾಕಾಗುತ್ತಾ? ಹೋಗ್ರಿ!

2019-21ರ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಂಗಸಿಗೆ ದೇಶದಲ್ಲಿ ಸರಾಸರಿ 2 ಮಕ್ಕಳು, ಕರ್ನಾಟಕದಲ್ಲಿ 1.7. 206 ಕೋಟಿಯನ್ನು ಹೆರುವವರು ಯಾರು, ಎಕ್ಸೆಲ್ಲಾ? ತಿರುವು ಕಣ್ಣೆದುರಿಗಿದೆ ಸ್ವಾಮಿ, ತಿರುವು! ಚಾರ್ಮಾಡಿ ಘಾಟಿಯಲ್ಲಿ ಸ್ಟೇರಿಂಗ್ ನೇರ ಹಿಡಿದು "ಇಲ್ಲೀ ತನಕ ರಸ್ತೆ ನೆಟ್ಟಗಿತ್ತಲ್ಲ" ಅಂದರೆ... ಪಕ್ಕದ ಮನೆಯವರು ಮಿಕ್ಸಿ ಹಾಕಿದರು, ಕೇಳಿಸುತ್ತಿದೆಯಾ? ಪರವಾಗಿಲ್ಲ, ಜೋರಾಗಿ ಹೇಳುತ್ತೇನೆ. ತಿರುವು! ಬೆಲ್ ಒತ್ತಿ, ಶೇರ್ ಮಾಡಿ, ಮುಖ್ಯವಾಗಿ ಮನೆಯ ವಾಟ್ಸಾಪ್ ಗುಂಪಿನ ಮಾವಂದಿರಿಗೆ ಕಳಿಸಿ.

ತಡೀರಿ, ಅದೇ ಮನುಷ್ಯ ಮತ್ತೆ ಬರೆದಿದ್ದಾರೆ. "ಸರ್, ಪಾಲಿನಾಮಿಯಲ್ ಗೆರೆ ಹಾಕಿದ್ರೆ ಆರ್ ಸ್ಕ್ವೇರ್ 0.99 ಬರುತ್ತೆ."

ಕ್ಯಾಮೆರಾ ಆಫ್ ಮಾಡಪ್ಪಾ.