ಮಗ ಬಾಯಿ ಬಿಡುವ ಮೊದಲೇ

ಕೇಳುಗರೆಲ್ಲರಿಗೂ ನಮಸ್ಕಾರ. ಅಡಿಕೆ ಸುಲಿಯುತ್ತಾ ರೇಡಿಯೋ ಹಾಕಿಕೊಂಡು ಕೂತವರಿಗೂ ನಮಸ್ಕಾರ.

ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚನ್ನು ನೀವು ಹೊರಗಿನಿಂದಾದರೂ ನೋಡಿರುತ್ತೀರಿ. ಒಳಗೆ ಏನು ಹೇಳಿಕೊಡುತ್ತೀರಿ ಎಂದು ಜನ ಕೇಳುತ್ತಾರೆ. ಒಂದೇ ಮಾತು: ದೇವರು ನಮ್ಮನ್ನು ಮೊದಲೇ ಪ್ರೀತಿಸಿದ್ದಾರೆ. ನಾವು ಒಳ್ಳೆಯವರಾಗಲಿ ಎಂದು ಕಾಯಲಿಲ್ಲ.

ಬೈಬಲಿನಲ್ಲಿ, ಲೂಕನ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಕಥೆ ಇದೆ. ಒಬ್ಬ ಅಪ್ಪ, ಇಬ್ಬರು ಗಂಡುಮಕ್ಕಳು. ಕಿರಿಯವನು ತನ್ನ ಪಾಲು ಕೇಳಿದ. ಅಪ್ಪ ಬದುಕಿರುವಾಗಲೇ! ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಮಗ ಹೀಗೆ ಅಡಿಕೆ ತೋಟ ಪಾಲು ಕೇಳಿದರೆ ಊರು ಏನನ್ನುತ್ತದೆ, ಗೊತ್ತಲ್ವಾ? ಆದರೂ ಅಪ್ಪ ಕೊಟ್ಟ. ಮಗ ದೂರ ದೇಶಕ್ಕೆ ಹೋಗಿ ಎಲ್ಲವನ್ನೂ ಕಳೆದ. ಬರಗಾಲ ಬಂತು. ಹಂದಿ ಮೇಯಿಸುವ ಕೆಲಸ ಸಿಕ್ಕಿತು. ಹಂದಿಯನ್ನು ಮುಟ್ಟದ ಯೆಹೂದ್ಯರ ಹುಡುಗ ಅವನು! ಹಂದಿ ತಿನ್ನುವ ಕಾಯಿಯಾದರೂ ಸಿಕ್ಕರೆ ಸಾಕು ಎನ್ನುವಷ್ಟು ಹಸಿವು. ಆಗ ಮನೆ ನೆನಪಾಯಿತು. ಹೇಳಬೇಕಾದ ಮಾತನ್ನು ದಾರಿ ಹಿಡಿಯುವ ಮೊದಲೇ ಜೋಡಿಸಿಕೊಂಡ: 'ಪಾಪ ಮಾಡಿದೆ, ನಿನ್ನ ಮಗ ಅನ್ನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೋ.'

ಈಗ ಕಿವಿಗೊಟ್ಟು ಕೇಳಿ. ಮಗ ಇನ್ನೂ ದೂರದಲ್ಲಿದ್ದ. ಅಪ್ಪ ಕಂಡ, ಓಡಿದ, ತಬ್ಬಿ ಮುತ್ತಿಟ್ಟ. ಮಗ ಬಾಯಿ ಬಿಡುವ ಮೊದಲೇ! ಆಳುಕಾಳು ಇರುವ ಮನೆಯ ಯಜಮಾನ ಹಾಗೆಲ್ಲ ಓಡುತ್ತಾನಾ? ಇವನು ಓಡಿದ. ಕೂಲಿಯಾಳಿನ ಮಾತು ಮಗನ ಬಾಯಿಂದ ಹೊರಗೆ ಬರಲೇ ಇಲ್ಲ. ಒಳ್ಳೆಯ ಬಟ್ಟೆ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಚಪ್ಪಲಿ ತೊಡಿಸಿ ಎಂದು ಅಪ್ಪ ಶುರು ಮಾಡಿಬಿಟ್ಟಿದ್ದ.

ಇಷ್ಟು ಹೇಳಿದ ಮೇಲೂ ಕೆಲವರು ಕೇಳುತ್ತಾರೆ: 'ಫಾದರ್, ನನ್ನಂಥ ಪಾಪಿಯನ್ನು ದೇವರು ಪ್ರೀತಿಸಬೇಕಾದರೆ ಎಷ್ಟು ಹರಕೆ ಹೊರಬೇಕು?' ದಯವಿಟ್ಟು ಈ ಲೆಕ್ಕ ಬಿಡಿ. ಪಾಪನಿವೇದನೆಗೆ ಬನ್ನಿ, ಪ್ರಾರ್ಥನೆ ಮಾಡಿ, ಬದುಕು ತಿದ್ದಿಕೊಳ್ಳಿ. ಪ್ರೀತಿ ಅದಕ್ಕೂ ಮೊದಲೇ ಸಿಕ್ಕಾಗಿದೆ.

ಶಿಲುಬೆಯ ಬಗ್ಗೆ ಜಾಸ್ತಿ ಹೇಳಬೇಕೆಂದಿದ್ದೆ, ಸಮಯ ಸಾಲದು. ಯೇಸುಸ್ವಾಮಿಯ ಸಂದೇಶ ಸಾರಿದ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಪತ್ರದಲ್ಲಿ ಬರೆದದ್ದೂ ಇದನ್ನೇ: ನಾವಿನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರು. ಆಗಲೇ!

ಹಿರಿಯ ಮಗನ ವಿಷಯ ಉಳಿಯಿತು. ತಮ್ಮನಿಗಾಗಿ ಹಬ್ಬ ಮಾಡಿದ್ದಕ್ಕೆ ಸಿಟ್ಟಾಗಿ ಅವನು ಒಳಗೆ ಬರಲಿಲ್ಲ. ಅವನನ್ನು ಕರೆಯಲೂ ಅಪ್ಪ ಹೊರಗೆ ಬಂದ. ಅವನು ಒಳಗೆ ಹೋದನೋ ಇಲ್ಲವೋ, ಯೇಸುಸ್ವಾಮಿ ಹೇಳಲಿಲ್ಲ. ತೋಟದ ಪಾಲಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮಲ್ಲೂ ಇವೆ. ಅಂಥವರು ಈಗ ಕೇಳುತ್ತಿದ್ದರೆ ಲೂಕನ ಆ 15ನೇ ಅಧ್ಯಾಯವನ್ನು 11ನೇ ವಚನದಿಂದ ಒಮ್ಮೆ ಓದಿ. ಐದು ನಿಮಿಷ ಸಾಕು. ನಮಸ್ಕಾರ.